ಕರ್ಕಿಯಿಂದ ಮಾವಳ್ಳಿಗೆ ಗಣಪತಿ

ಚೌತಿಯ ದಿನ ಗಣಪತಿ ಮನೆಗೆ ಬಂದು ಪೂಜೆಯಾಗುವವರೆಗೆ ನಮ್ಮಮ್ಮ ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಏನು ಭಕ್ತಿ ಎಂದು ಕೇರಿಯವರೆಲ್ಲ ಹೊಗಳುತ್ತಿದ್ದರು. ಶುಗರ್ ಬಂದ ಮೇಲೂ ಅವಳು ಬಿಡಲಿಲ್ಲ. 2002ರಲ್ಲಂತೂ ಮಂಗಳಾರತಿಯ ಹೊತ್ತಿಗೆ ತಲೆಸುತ್ತಿ ಬಿದ್ದಳು. ಡಾಕ್ಟರು ಬೈದದ್ದು ನನಗೆ. ಅವಳಿಗೆ ಬೈಯುವ ಧೈರ್ಯ ಅವರಿಗೂ ಇರಲಿಲ್ಲ.

ಮೂರ್ತಿಯೋ, ಮಾವಳ್ಳಿಯ ನಮ್ಮ ಮನೆಗೆ ಕರ್ಕಿಯಿಂದಲೇ ಬರಬೇಕು. ಅದು ಅಮ್ಮನ ತವರೂರು. ಭಟ್ಕಳದಲ್ಲಿ ನನ್ನ ಆಫೀಸಿನ ಹತ್ತಿರವೇ ಚೆಂದದ ಗಣಪತಿಗಳು ಸಾಲಾಗಿ ಕೂತಿದ್ದವು. ಹೇಳಿದರೆ ಕೇಳುವವರು ಯಾರು? 2003ರ ಚೌತಿಯ ಬೆಳಿಗ್ಗೆ ನಾನು, ಹೆಂಡತಿ ಸುಪ್ರಿಯಾ ಬೈಕಿನಲ್ಲಿ ಕರ್ಕಿಗೆ ಹೋದೆವು.

ಮೂರ್ತಿ ಮಾಡುವ ಮಾಬ್ಲಣ್ಣ ತಲೆ ಕೆರೆದುಕೊಂಡ. ವಾರವಿಡೀ ಮಳೆ, ಬಿಸಿಲೇ ಬಿದ್ದಿರಲಿಲ್ಲ. "ಒಳಗೆ ಇನ್ನೂ ಹಸಿ ಉಂಟು. ನಿಧಾನ ಹೋಗಿ ಮಾರಾಯ್ರೆ."

ನಿಧಾನವಂತೆ! ಅಲ್ಲಿ ಅಮ್ಮ ಖಾಲಿ ಹೊಟ್ಟೆಯಲ್ಲಿ ಕೂತಿದ್ದಾಳೆ. ನಾನು ಬೈಕನ್ನು ಓಡಿಸಿದ್ದೇ ಓಡಿಸಿದ್ದು. ಮುಖಕ್ಕೆ ಬಟ್ಟೆ ಮುಚ್ಚಿದ ಗಣಪತಿಯನ್ನು ಸುಪ್ರಿಯಾ ತೊಡೆಯ ಮೇಲಿಟ್ಟು ಅಪ್ಪಿಕೊಂಡಿದ್ದಳು. ಹೊನ್ನಾವರ ಬರುವಷ್ಟರಲ್ಲಿ ಹೆದ್ದಾರಿಯ ಗುಂಡಿಯೊಂದಕ್ಕೆ ಚಕ್ರ ಇಳಿಯಿತು. "ನಿಲ್ಸಿ! ನಿಲ್ಸಿ!" ಎಂದು ಅವಳು ಕೂಗಿಕೊಂಡಳು.

ಗಣಪತಿಯ ಭುಜದಲ್ಲಿ ಸಣ್ಣ ಬಿರುಕು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ. ಪೂಜೆಯಾಗದೆ ಅಮ್ಮ ಬಾಯಿಗೆ ಏನೂ ಹಾಕುವುದಿಲ್ಲ. ಸುಪ್ರಿಯಾ ಬೆರಳು ಒದ್ದೆ ಮಾಡಿಕೊಂಡು ಮೆತ್ತಗೆ ತೀಡಿದಳು. ಹಸಿ ಮಣ್ಣು ಕೂಡಿಕೊಂಡಿತು.

"ಇನ್ನೊಂದು ಗುಂಡಿಗೆ ಹಾರ್ಸಿದ್ರೆ ಕೈಯೇ ಕಳಚಿ ಬರ್ತದೆ," ಎಂದಳು.

ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದೆ. "ಅಮ್ಮಾ, ತಡ ಆಗ್ತದೆ. ನಿಧಾನ ಬರ್ಬೇಕು. ಏನಾದ್ರೂ ತಿನ್ನು, ನಿನ್ನ ಕಾಲಿಗೆ ಬೀಳ್ತೇನೆ."

"ಎಂತ ಅಂದೆ? ನಿಧಾನ ಬತ್ಯಾ?"

"ಹೌದು."

"ಆತು," ಎಂದವಳೇ ಫೋನ್ ಇಟ್ಟುಬಿಟ್ಟಳು. ತಿನ್ನುತ್ತೇನೆ ಎನ್ನಲಿಲ್ಲ.

ಶರಾವತಿ ಸೇತುವೆಯ ಮೇಲೆ ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿದರು. ಟೆಂಪೋದವರು ಹಾರ್ನ್ ಹೊಡೆದು ಬೈದರು. ಪ್ರತಿ ಗುಂಡಿಯನ್ನೂ ಕಾಲೂರಿ ದಾಟಿಸಿದೆ. ಕಣ್ಣೆದುರು ಮಾತ್ರ ಅಡುಗೆಮನೆಯಲ್ಲಿ ಬಿದ್ದಿರುವ ಅಮ್ಮ, ಬಾಗಿಲು ಬಡಿಯುತ್ತಿರುವ ಪಕ್ಕದ ಮನೆಯವರು. ಮಂಕಿ ಊರು ದಾಟುವಾಗ ನನಗೆ ಅಳುವೇ ಬಂತು. ಆದರೂ ವೇಗ ಹೆಚ್ಚಿಸುವ ಹಾಗಿಲ್ಲ.

ಮನೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಚಪ್ಪಲಿಯನ್ನೂ ಬಿಚ್ಚದೆ ಒಳಗೆ ಓಡಿದೆ. ಅಮ್ಮ ಮಂಟಪದ ಎದುರು ಗರಿಕೆ ಕಟ್ಟುತ್ತ ಕೂತಿದ್ದಳು. ಪಕ್ಕದಲ್ಲಿ ಅವಲಕ್ಕಿ ತಿಂದು ಮುಗಿಸಿದ ತಟ್ಟೆ.

"ಉಪವಾಸ?" ಎಂದೆ.

"ಎಂಥ ಉಪವಾಸ? ನೀ ಆ ಗಾಡಿ ತಕ್ಕಂಡ ವರ್ಷದಿಂದ ಹೀಗೇ. ಹಾರಿಸ್ಕೊಂಡು ಬತ್ತೆ ಅಂತ ಗೊತ್ತಿತ್ತು, ನೀ ಬಾಗಿಲಿಗೆ ಬರುವರೆಗೆ ಗಂಟಲಲ್ಲಿ ನೀರೂ ಇಳೀತಿರ್ಲಿಲ್ಲ. ಬಂದ ಮೇಲೆ ಪೂಜೆ ಗಡಿಬಿಡಿ. ಇವತ್ತು ನಿಧಾನ ಬತ್ತೆ ಅಂದ್ಯಲ್ಲ, ಇಳೀತು."

ನಾನು ತಟ್ಟೆ ಎತ್ತಲು ಬಗ್ಗಿದೆ.

"ಹೋಗು, ಚಪ್ಪಲಿ ಬಿಟ್ಟು ಬಾ. ಅವಳು ಗಣಪತಿ ಹಿಡ್ಕೊಂಡು ಎಷ್ಟೊತ್ತು ನಿಲ್ಲೂದು?"