ಸತ್ತ ರಾಣಿಗೆ ವನ್ಸ್ ಮೋರ್

ನಾನು ಆಡಿಸುತ್ತಿದ್ದ ನಾಟಕದಲ್ಲಿ ಬಾಣ ನಾಟಿದ ರಾಣಿ ಐದು ನಿಮಿಷ ಹಾಡಿ ಸಾಯುತ್ತಾಳೆಂದರೆ ನಮ್ಮ ಕೊಚ್ಚಿ ಕನ್ನಡ ಬಳಗದ ಕಾರ್ಯದರ್ಶಿ ಶ್ರೀಪತಿಯವರಿಗೆ ನಗು.

"ಬಾಣ ಬಿದ್ದೋರು ಆಸ್ಪತ್ರೆಗೆ ಹೋಗ್ತಾರೆ ನಿರ್ಮಲ ಮೇಡಂ, ಆಲಾಪನೆ ಮಾಡಲ್ಲ," ಎಂದರು ಆ ಮೈಸೂರಿನ ಮಹಾಶಯರು. "ಹಾಡೆಲ್ಲ ತೆಗೀರಿ. ಬರೀ ಮಾತು ಸಾಕು."

ನನಗೆ ಮೈಯೆಲ್ಲ ಉರಿಯಿತು. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದರೇನು, ನಾನು ಗದಗಿನ ಕಡೆಯ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರ ಮಗಳು.

"ಗಂಡಗ 'ನಿನ್ನ ಕ್ಷಮಿಸೇನಿ' ಅಂತ ರಾಣಿ ಮಾತಿನ್ಯಾಗ ಅಂದ್ರ ಮಂದಿ ಕೇಳಿ ಅಲ್ಲೇ ಬಿಡ್ತಾರ್ರೀ. ಹಾಡಿನ್ಯಾಗ ಅಂದ್ರ ಮನೀಗೆ ಒಯ್ತಾರ."

"ಸರಿ, ತಿರುವನಂತಪುರದ ಕನ್ನಡಿಗರ ಸಮ್ಮೇಳನದಲ್ಲಿ ಆಡಿ. ಜನ ಆಕಳಿಸಿದ್ರೆ ಸಂಗೀತ ನಾಟಕಕ್ಕೆ ಇದೇ ಕೊನೆ. ಮುಂದಿನ ವರ್ಷದಿಂದ ಅಂತ್ಯಾಕ್ಷರಿ."

ರಾಣಿ ನನ್ನ ಮಗಳು ಶ್ರದ್ಧಾ, ಹದಿನಾರರವಳು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವ ಹುಡುಗಿ. ಹಾಡನ್ನು ಮಾತ್ರ ಸ್ಪಷ್ಟವಾಗಿ ಹಾಡುತ್ತಿದ್ದಳು. ತಿಂಗಳಿಡೀ ಕಲಿಸಿದೆ: ಹಾಡುವಾಗಲೂ ರಾಜನ ಮೇಲಿನ ಕಣ್ಣು ಕೀಳಬಾರದು, ಸ್ವರ ಏರಿದಾಗ ಏಳಬೇಕು, ಇಳಿದಾಗ ಕುಸಿಯಬೇಕು. ಒಂದನ್ನು ಹೇಳಿಕೊಡಲು ಮರೆತೆ.

ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದು, ಪುಟ್ಟು ಕಡಲೆ ತಿಂದು ಸಭಾಂಗಣಕ್ಕೆ ಹೋದೆವು. ಕಳಕ್ಕೂಟಂನ ಐಟಿಯವರು, ಕಾಸರಗೋಡಿನ ವಿದ್ಯಾರ್ಥಿಗಳು, ನಿವೃತ್ತರು ಎಲ್ಲ ತುಂಬಿದ್ದರು. ಮೊದಲ ಹಾಡಿಗೇ ಹಿಂದಿನ ಸಾಲುಗಳಲ್ಲಿ ಮೊಬೈಲುಗಳು ಬೆಳಗಿದವು. ಮುಂದೆ ಕೂತಿದ್ದ ಶ್ರೀಪತಿ ನನ್ನತ್ತ ಹುಬ್ಬು ಹಾರಿಸಿದರು. ರಂಗದ ಪಕ್ಕದಲ್ಲಿ ಕೂತಿದ್ದ ನಾನು ಹಾರ್ಮೋನಿಯಂನ ತಿದಿಯನ್ನು ಇನ್ನೂ ಜೋರಾಗಿ ಒತ್ತಿದೆ.

ಕೊನೆಗೆ ರಾಜನ ಬಾಣವೇ ಗುರಿತಪ್ಪಿ ರಾಣಿಗೆ ತಗುಲಿತು. ಶ್ರದ್ಧಾ ಹಾಡತೊಡಗಿದಳು. ಮೊಬೈಲುಗಳು ಒಂದೊಂದಾಗಿ ಆರಿದವು. ಅವಳು ಹಾಡಿ ಸತ್ತಾಗ ಸಭೆಯಲ್ಲಿ ಕೆಮ್ಮೂ ಇರಲಿಲ್ಲ. ಆಗ ಮುದುಕರೊಬ್ಬರ ದನಿ ಎದ್ದಿತು:

"ವನ್ಸ್ ಮೋರ್!"

ಅಯ್ಯೋ, ನಾನು ಮರೆತದ್ದು ಇದೇ! ಕಂಪನಿ ನಾಟಕದಲ್ಲಿ ಪ್ರೇಕ್ಷಕರು ಕೇಳಿದರೆ ಹೆಣವೂ ಎದ್ದು ಹಾಡಬೇಕು. ಹಾರ್ಮೋನಿಯಂನಲ್ಲಿ ಪಲ್ಲವಿ ನುಡಿಸಿದೆ. ಹೆಣ ಒಂದು ಕಣ್ಣು ತೆರೆಯಿತು.

"ಅಮ್ಮೇ, ಞಾನ್ ಮರಿಚ್ಚಿಲ್ಲೇ?"

ತಾನು ಸತ್ತಾಯಿತಲ್ಲ ಎಂಬ ಅವಳ ಪ್ರಶ್ನೆ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಸತ್ರ ಏನಾತು? ಮಂದಿ ಕೇಳಾಕತ್ತಾರ, ಎದ್ದು ಹಾಡ!"

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲ ಮುಗಿಯಿತು ಎಂದುಕೊಂಡೆ. ಶ್ರದ್ಧಾ ಎದ್ದಳು, ಎದೆಯ ಬಾಣ ಸರಿಪಡಿಸಿಕೊಂಡಳು, ರಾಜನ ಮೇಲೆ ಕಣ್ಣು ನೆಟ್ಟು ಹಾಡಿದಳು. ನಕ್ಕವರೇ ಅವಳ ಎರಡನೆಯ ಸಾವಿಗೆ ಕಣ್ಣೊರೆಸಿಕೊಂಡರು. ನನಗೂ ಹಾರ್ಮೋನಿಯಂನ ಕಪ್ಪು ಬಿಳುಪು ಮನೆಗಳು ಮಂಜಾದವು.

"ವನ್ಸ್ ಮೋರ್!"

ಈ ಸಲ ಎದ್ದು ನಿಂತು ಕೂಗಿದವರು ಶ್ರೀಪತಿ.

ಶ್ರದ್ಧಾ ಥಟ್ಟನೆ ಎದ್ದು ಕೂತು, ಸೊಂಟಕ್ಕೆ ಕೈಕೊಟ್ಟು, ನನ್ನದೇ ಗದಗಿನ ಗತ್ತಿನಲ್ಲಿ ಕೇಳಿದಳು:

"ಎಷ್ಟು ಸಲ ಸಾಯ್ಲಿರೀ ನಾ?"

"ಮುಂದಿನ ವರ್ಷಾನೂ ಸಾಯ್ಬೇಕಮ್ಮ!" ಎಂದರು ಶ್ರೀಪತಿ.

ನಾನು ಹಾರ್ಮೋನಿಯಂಗೆ ಕೈಹಾಕುವ ಮೊದಲೇ ಅವಳು ಪಲ್ಲವಿ ಎತ್ತಿಕೊಂಡಿದ್ದಳು.