ಹಲ್ಲು ಕಡಿಯುವವರು

"ಇನ್ನೂ ಸ್ವಲ್ಪ ಅಗಲ ಮಾಡಿ," ಎನ್ನುತ್ತ ಪೆಂಗ್ ಪುಟ್ಟ ಕನ್ನಡಿಯನ್ನು ರೋಗಿಯ ಬಾಯೊಳಗೆ ಹಿಂದಕ್ಕೆ ಜಾರಿಸಿದ. ಕೆಳಸಾಲಿನ ಕೊನೆಯ ದವಡೆಹಲ್ಲು ನಟ್ಟನಡುವೆ ಸೀಳಿಹೋಗಿತ್ತು. ಹುಳುಕಿನ ಸುಳಿವಿಲ್ಲ, ಪೆಟ್ಟು ಬಿದ್ದ ಗುರುತಿಲ್ಲ. ಅದರ ಮುಂದಿನ ಹಲ್ಲುಗಳ ತಲೆ ಮಾತ್ರ ಮರಳುಕಾಗದ ಹಾಕಿ ಉಜ್ಜಿದ ಹಾಗೆ ಸವೆದು ಚಪ್ಪಟೆಯಾಗಿತ್ತು.

ಸಹಾಯಕಿ ಯಾಫೆನ್ ದೀಪ ಸರಿಸುತ್ತ ಬಗ್ಗಿ ನೋಡಿದಳು. "ಅಯ್ಯೋ, ಇವರದ್ದೂ ಹಾಗೇನಾ? ಈ ತಿಂಗಳು ಇದು ಮೂರನೇದು ಡಾಕ್ಟ್ರೇ. ಮೂರೂ ಜನ ಒಂದೇ ಕಂಪನಿಯವರು. ಅಲ್ಲಿ ಕ್ಯಾಂಟೀನಲ್ಲಿ ಕಲ್ಲು ಬೇಯಿಸಿ ಹಾಕ್ತಾರೇನೋ!"

ಕುರ್ಚಿಯಲ್ಲಿ ಒರಗಿದ್ದ ಚಿಯು ಬಾಯಿ ತೆರೆದುಕೊಂಡೇ ನಗಲು ನೋಡಿದ. ಪೆಂಗ್ ನಗಲಿಲ್ಲ. ಕನ್ನಡಿಯನ್ನು ತಟ್ಟೆಯಲ್ಲಿಟ್ಟು, ಸೂಜಿ ಚುಚ್ಚಿ, ತುಟಿ ಮರಗಟ್ಟುವವರೆಗೆ ಕಾಯೋಣ ಎಂದ. ಮಧ್ಯಾಹ್ನದ ಹೊತ್ತು. ಯಾಫೆನ್ ಊಟದ ಡಬ್ಬಿ ತರಲು ಕೆಳಗಿಳಿದು ಹೋದಳು.

ಆ ಕಂಪನಿಯ ಹೆಸರು ಚುವಾನ್‌ರುಯಿ. ಶಿಂಚು ಊರಿನ ದೊಡ್ಡ ದೊಡ್ಡ ಚಿಪ್ ಕಾರ್ಖಾನೆಗಳ ನಡುವೆ ಅದು ಲೆಕ್ಕಕ್ಕೆ ಬರುವಂಥದ್ದಲ್ಲ. ಫ್ಯಾನು, ಅನ್ನದ ಕುಕ್ಕರು, ಕಾಲೊತ್ತುವ ಯಂತ್ರ ಇಂಥವುಗಳೊಳಗೆ ಕೂರುವ ಅಗ್ಗದ ಚಿಪ್ ವಿನ್ಯಾಸ ಮಾಡಿಕೊಂಡು ಇಪ್ಪತ್ತೆರಡು ವರ್ಷ ಮರ್ಯಾದೆಯಿಂದ ಬದುಕಿತ್ತು. ಶ್ಯಾವಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅದು ಶುರುವಾದಾಗಲೇ ಪೆಂಗ್ ಷೇರು ತೆಗೆದುಕೊಂಡಿದ್ದ. ಅಧ್ಯಕ್ಷ ತ್ಸೆಂಗ್ ಅವನ ಶಾಲೆಯ ಗೆಳೆಯ. ಕಳೆದ ವರ್ಷ ತ್ಸೆಂಗ್ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿದ. ಇನ್ನು ಫ್ಯಾನಿನ ಚಿಪ್ ಸಾಕು, ಕೃತಕ ಬುದ್ಧಿಯನ್ನು ನಡೆಸುವ ದೊಡ್ಡ ಚಿಪ್ ಮಾಡುತ್ತೇವೆ ಎಂದು ಘೋಷಿಸಿದ. ಷೇರಿನ ಬೆಲೆ ಗಾಳಿಪಟದ ಹಾಗೆ ಏರಿತು. ಪೆಂಗನಿಗೆ ಮಾತ್ರ ಅಂದಿನಿಂದಲೇ ಎದೆಯೊಳಗೆ ಏನೋ ಕುಟುಕುತ್ತಿತ್ತು. ಸೈಕಲ್ ರಿಪೇರಿ ಮಾಡುವವನು ನಾಳೆಯಿಂದ ವಿಮಾನ ಕಟ್ಟುತ್ತೇನೆ ಅಂದರೆ ಅವನ ಕೈ ಅದಕ್ಕೆ ಪಳಗಿದೆಯೋ ಇಲ್ಲವೋ ಎಂದು ಕೇಳುವವರು ಯಾರೂ ಇಲ್ಲವಲ್ಲ ಎಂದುಕೊಳ್ಳುತ್ತಿದ್ದ. ವಾರ್ಷಿಕ ವರದಿಯನ್ನು ಮೂರು ಸಲ ಓದಿದ. ಅದರಲ್ಲಿ ಬಣ್ಣದ ಚಿತ್ರಗಳಿದ್ದವು.

"ನಿದ್ದೇಲಿ ಹಲ್ಲು ಕಡೀತೀರಿ, ಗೊತ್ತಾ ನಿಮಗೆ?" ಎಂದು ಈಗ ಚಿಯುವನ್ನು ಕೇಳಿದ.

"ಹೆಂಡತಿ ಹೇಳ್ತಾಳೆ. ಪಕ್ಕದ ಮನೆಯವರು ಗೋಡೆ ಕೊರೀತಿದ್ದಾರೆ ಅನ್ಕೊಂಡ್ಳಂತೆ ಮೊದಲು. ಈಗ ಮಗಳನ್ನ ಕರ್ಕೊಂಡು ಇನ್ನೊಂದು ಕೋಣೇಲಿ ಮಲಗ್ತಾಳೆ."

"ಅಷ್ಟೊಂದು ಕೆಲಸಾನಾ?"

ಚಿಯು ಸೂರು ನೋಡಿದ. ನಲವತ್ತು ದಾಟಿದ್ದ ಅವನು ಕಂಪನಿಯ ಪರೀಕ್ಷಾ ವಿಭಾಗದ ಮುಖ್ಯಸ್ಥ. ಕಾರ್ಖಾನೆಯಿಂದ ಬಂದ ಚಿಪ್‌ಗಳು ಓಡುತ್ತವೋ ಇಲ್ಲವೋ ಎಂದು ಮೊದಲು ನೋಡುವವನೇ ಅವನು. ಅರ್ಧ ತುಟಿ ಆಗಲೇ ಜೋತುಬಿದ್ದು ಮಾತು ತೊದಲುತ್ತಿತ್ತು.

"ಬರೀ ಕೆಲಸ ಆಗಿದ್ರೆ ಹಲ್ಲು ಉಳೀತಿತ್ತು ಡಾಕ್ಟ್ರೇ. ಮೊದಲನೇ ಸಲ ಬಂದ ಚಿಪ್ಪಲ್ಲಿ ನೂರಕ್ಕೆ ಏಳು ಓಡ್ತಾವೆ. ಆ ಏಳೂ ಇಪ್ಪತ್ತು ನಿಮಿಷಕ್ಕೆ ಬಾಣಲೆ ಕಾದ ಹಾಗೆ ಕಾದು ನಿಂತ್ಹೋಗ್ತಾವೆ. ವಿನ್ಯಾಸಾನೇ ತಪ್ಪು. ಮೊದಲಿಂದ ಮಾಡ್ಬೇಕು, ಒಂದೂವರೆ ವರ್ಷ ಬೇಕು. ಅಷ್ಟೊತ್ತಿಗೆ ಯಾರು ಕಾಯ್ತಾರೆ ನಮಗೆ?" ಅವನು ಒಂದು ಬದಿಯಿಂದಷ್ಟೇ ನಕ್ಕ. "ಫ್ಯಾನಿನ ಚಿಪ್ ಕೀಳು ಅಂತ ಬಿಟ್ವಿ. ಈಗ ಹೊಸ ಚಿಪ್ ತಣ್ಣಗಿಡೋಕೆ ದೊಡ್ಡ ಫ್ಯಾನ್ ಹುಡುಕ್ತಾ ಕೂತಿದೀವಿ."

ಪೆಂಗ್ ಕೈಯಲ್ಲಿದ್ದ ಹತ್ತಿಯ ಉಂಡೆಯನ್ನು ಹಿಚುಕಿದ. "ತ್ಸೆಂಗನಿಗೆ ಇದು ಗೊತ್ತಾ?"

ಆ ಹೆಸರು ಕೇಳಿದ್ದೇ ಚಿಯುವಿನ ಮುಖ ಬಿಗಿಯಿತು. ಡಾಕ್ಟರು ಅಧ್ಯಕ್ಷರ ಗೆಳೆಯ ಎಂಬುದು ಆಗಷ್ಟೇ ನೆನಪಾದವನಂತೆ ಎದ್ದು ಕೂತ. "ಸೂಜಿಯ ಮಂಪರು, ಏನೇನೋ ಬಡಬಡಿಸ್ದೆ. ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ. ಆಯ್ತಾ? ಈ ವಿಷಯ ಗೊತ್ತಿರೋರು ಇಡೀ ಕಂಪನೀಲಿ ನಾಲ್ಕೇ ಜನ. ಹೊರಗೆ ಬಂದ್ರೆ ಯಾರು ಅಂತ ಹುಡುಕೋಕೆ ಅರ್ಧ ದಿನ ಬೇಡ. ನನ್ನ ಮಗಳಿಗಿನ್ನೂ ಆರು ವರ್ಷ."

"ಒರಗಿಕೊಳ್ಳಿ," ಎಂದ ಪೆಂಗ್. "ಬಾಯಿ ತೆಗೀರಿ."

ಅಲ್ಲಿಯವರೆಗೆ ಅವನಲ್ಲಿದ್ದದ್ದು ಬರೀ ಅನುಮಾನ. ಅನುಮಾನ ಇಟ್ಟುಕೊಂಡು ಷೇರು ಮಾರಬಹುದಿತ್ತು, ಯಾರ ಅಡ್ಡಿಯೂ ಇರಲಿಲ್ಲ. ನೋಡೋಣ, ನೋಡೋಣ ಎಂದು ಒಂದು ವರ್ಷ ನೂಕಿದ್ದ. ಈಗ ಅನುಮಾನ ಹೋಗಿ ನಿಜ ತಿಳಿದಿತ್ತು. ತಿಳಿದದ್ದೇ ಕೈಗೆ ಕೋಳವಾಯಿತು. ಒಳಗಿನ ಸುದ್ದಿ ತಿಳಿದವನು ಮಾರಿದರೆ ಜೈಲು, ಇನ್ನೊಬ್ಬರ ಕಿವಿಯಲ್ಲಿ ಊದಿದರೂ ಜೈಲು. ಅದನ್ನೂ ಮೀರಿದ ಮಾತೆಂದರೆ, ತನ್ನ ಕುರ್ಚಿಯಲ್ಲಿ ಬಾಯಿ ತೆರೆದು ಕೂತವನು ಹೇಳಿದ್ದನ್ನು ಪೆಂಗ್ ಈವರೆಗೆ ಹೊರಗೆ ಒಯ್ದವನಲ್ಲ.

ತನ್ನೊಬ್ಬನದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಅವನ ಅಕ್ಕ ರುಯಿಮೇ ಇದ್ದಳು. ಹದಿನೈದರಿಂದಲೇ ಛತ್ರಿ ಕಾರ್ಖಾನೆಯಲ್ಲಿ ಬಟ್ಟೆ ಹೊಲಿದು ತಮ್ಮನನ್ನು ದಂತವೈದ್ಯನನ್ನಾಗಿ ಓದಿಸಿದವಳು. ಗಂಡ ತೀರಿಕೊಂಡ ವರ್ಷ, ಕೈಯಲ್ಲಿದ್ದದ್ದನ್ನೆಲ್ಲ ಎಲ್ಲಿಡಲಿ ಎಂದು ತಮ್ಮನನ್ನು ಕೇಳಿದ್ದಳು. ಚುವಾನ್‌ರುಯಿ ಎಂದು ಹೇಳಿದ್ದು ಅವನೇ.

ಭಾನುವಾರ ಅವಳ ಮನೆಯಲ್ಲಿ ಊಟ. ಅಕ್ಕಿಯ ಅಗಲ ಶ್ಯಾವಿಗೆಯ ಸಾರು, ಉಪ್ಪಲ್ಲಿ ನೆನೆಸಿ ಹುಳಿ ಬರಿಸಿದ ಸಾಸಿವೆಸೊಪ್ಪು. ಅವನ ಬಟ್ಟಲಿಗೆ ಮಾಂಸದ ಉಂಡೆ ಹಾಕುತ್ತ ಅವಳು ಕೇಳಿಯೇಬಿಟ್ಟಳು:

"ತಮ್ಮಾ, ಪಕ್ಕದ ಮನೆ ಲ್ಯು ಇದಾಳಲ್ಲ, ಅವಳು ಚುವಾನ್‌ರುಯಿ ಮಾರ್ಬಿಡು ಅಂತಾಳೆ. ಇಷ್ಟು ಏರಿದ್ಮೇಲೆ ಇಳಿಯೋದೇ ಅಂತೆ. ಏನ್ ಮಾಡ್ಲಿ?"

ಪೆಂಗನ ಬಾಯಲ್ಲಿ ಉಂಡೆ ಹಾಗೇ ಉಳಿಯಿತು. "ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು."

"ನನಗೆ ತೋಚೋ ಹಾಗಿದ್ರೆ ನಿನ್ನನ್ಯಾಕೆ ಕೇಳ್ತಿದ್ದೆ? ಓದಿಸಿದ್ದು ಯಾತಕ್ಕೆ ನಿನ್ನನ್ನ?"

"ನಾನು ಓದಿದ್ದು ಹಲ್ಲಿನ ವಿಷಯ ಅಕ್ಕಾ."

"ಓಹೋ, ಅವತ್ತು ತಗೋ ಅಂದಾಗ ಹಲ್ಲಿನ ಡಾಕ್ಟರ್ ಆಗಿರ್ಲಿಲ್ವಾ ನೀನು?" ಎಂದು ನಕ್ಕಳು. ಮತ್ತೆ ಅವನ ಮುಖ ನೋಡಿದಳು. "ಯಾಕೋ, ಏನಾದ್ರೂ ಇದೆಯಾ?"

ಹೌದು ಎಂದರೆ ಸಾಕಿತ್ತು. ಬಾಯಿ ಬಿಡುವುದೇ ಬೇಡ, ತಲೆ ಅಲ್ಲಾಡಿಸಿದ್ದರೂ ಅವಳು ನಾಳೆ ಬೆಳಿಗ್ಗೆಯೇ ಮಾರುತ್ತಿದ್ದಳು. ಜೊತೆಗೇ ಲ್ಯುವಿಗೆ ಹೇಳುತ್ತಿದ್ದಳು, ಲ್ಯು ಇಡೀ ಓಣಿಗೆ. ಎಲ್ಲಿಂದ ಹೊರಟಿತು ಎಂದು ಹುಡುಕಿದರೆ ಮೊದಲು ಸಿಗುವುದು ತಮ್ಮ, ಆಮೇಲೆ ಅವನ ಕುರ್ಚಿಯಲ್ಲಿ ಕೂತವನು.

"ಏನಿಲ್ಲ. ಸಾರು ಬಿಸಿ," ಎಂದ ಪೆಂಗ್.

ಮರುದಿನವೇ ಕ್ಲಿನಿಕ್ ಮುಚ್ಚಿ ಅವನು ತ್ಸೆಂಗನ ಕಚೇರಿಗೆ ಹೋದ. ಸತ್ಯ ಹೊರಬರಬೇಕಾದರೆ ತ್ಸೆಂಗನ ಬಾಯಿಂದಲೇ ಬರಬೇಕು, ಆಗ ಯಾರ ತಲೆಯೂ ಉರುಳುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

"ಬಾರೋ ಹಲ್ಲು ಕೀಳೋನೆ!" ಎಂದು ತ್ಸೆಂಗ್ ಎದ್ದು ಬಂದು ಹೆಗಲು ತಟ್ಟಿದ. ಪುಟ್ಟ ಬಟ್ಟಲಿಗೆ ಚಹಾ ಬಗ್ಗಿಸಿದ. ಕೂದಲು ಕಪ್ಪಾಗಿತ್ತು, ಕಣ್ಣಿನ ಕೆಳಗಿನ ಚೀಲಗಳಿಗೆ ಮಾತ್ರ ಬಣ್ಣ ಹಚ್ಚಲು ಆಗಿರಲಿಲ್ಲ.

"ನನಗ್ಯಾಕೋ ಧೈರ್ಯ ಸಾಲ್ತಿಲ್ಲ ಕಣೋ," ಎಂದ ಪೆಂಗ್. "ಫ್ಯಾನಿನ ಚಿಪ್ ಚೆನ್ನಾಗಿತ್ತು. ನನ್ನ ಮನೇಲಿ ಹದಿನಾರು ವರ್ಷದ ಫ್ಯಾನ್ ಈಗಲೂ ತಿರುಗುತ್ತೆ. ಅದನ್ನ ಬಿಟ್ಟು ದೊಡ್ಡೋರ ಜೊತೆ ಕುಸ್ತಿಗೆ ಇಳಿದಿದೀಯ. ನಿಜವಾಗ್ಲೂ ಆಗುತ್ತಾ?"

ತ್ಸೆಂಗ್ ತನ್ನ ಬಟ್ಟಲನ್ನು ಕೆಳಗಿಟ್ಟ. "ಹದಿನಾರು ವರ್ಷ ತಿರುಗೋ ಫ್ಯಾನು ಅಂದ್ಯಲ್ಲ, ಅದೇ ನನ್ನ ಶಾಪ. ಯಾರೂ ಇನ್ನೊಂದು ಕೊಳ್ಳಲ್ಲ. ಕೊಂಡ್ರೂ ಸಮುದ್ರದ ಆಚೆಯೋರು ಅದೇ ಚಿಪ್ಪನ್ನ ನಮ್ಮ ಅರ್ಧ ಬೆಲೆಗೆ ಕೊಡ್ತಾರೆ. ಫ್ಯಾನಿನ ಚಿಪ್ ಅಂದ್ರೆ ಕಾಲೇಜಿಂದ ಬರೋ ಹುಡುಗ್ರು ಸಂದರ್ಶನಕ್ಕೂ ಬರಲ್ಲ. ಚಿಪ್ ಅಚ್ಚು ಹಾಕೋ ಕಾರ್ಖಾನೆಯೋರು ನನ್ನ ಫೋನೇ ಎತ್ತಲ್ಲ. ಕೃತಕ ಬುದ್ಧಿ ಅಂದೆ ನೋಡು, ಎಲ್ಲಾರೂ ಎತ್ತಿದ್ರು. ಇನ್ನೇನು ಮಾಡ್ಲಿ? ಹಳೇ ದಾರೀಲಿ ಮೆಲ್ಲಗೆ ಸಾಯ್ಲಾ?"

"ಹೊಸದು ಓಡುತ್ತಾ ಅಂತ ಕೇಳ್ದೆ."

"ಓಡ್ಲೇಬೇಕು." ತ್ಸೆಂಗ್ ಮುಖವೆತ್ತಿದ. "ಮುನ್ನೂರು ಜನ ಇದಾರೆ ನನ್ನ ಹಿಂದೆ. ಓಡ್ಲೇಬೇಕು." ಆಮೇಲೆ ದನಿ ಬದಲಿಸಿದ. "ಷೇರುದಾರರ ಸಭೇಲಿ ಎದ್ದು ನಿಂತು ನೀನೆರಡು ಮಾತಾಡೋ. ಮೊದಲನೇ ದಿನದಿಂದ ಇರೋನು ನೀನೊಬ್ಬನೇ. ನಿನ್ನ ಮಾತು ಜನ ನಂಬ್ತಾರೆ."

ಸಭೆ ನಡೆದದ್ದು ಜೂನ್ ಕೊನೆಯ ವಾರ, ಕಂಪನಿಯ ಕಟ್ಟಡದ ಮೇಲಿನ ಸಭಾಂಗಣದಲ್ಲಿ. ಪೆಂಗ್ ಅಕ್ಕನನ್ನು ಕರೆದುಕೊಂಡು ಹೋದ. ಅವಳೇ ಹಟ ಹಿಡಿದು ಹೊರಟಿದ್ದಳು, ಕೊನೆಯಲ್ಲಿ ಕೊಡುವ ಉಡುಗೊರೆ ಬಿಡಬಾರದೆಂದು. ಒಳಗೆ ನಿವೃತ್ತ ಮೇಷ್ಟರುಗಳು, ಅಂಗಡಿಯವರು, ಅವಳಂಥ ವಿಧವೆಯರು ಕಿಕ್ಕಿರಿದಿದ್ದರು. ವೇದಿಕೆಯ ತುದಿಯ ಕುರ್ಚಿಯಲ್ಲಿ ಚಿಯು ಕೂತಿದ್ದ. ಪೆಂಗನನ್ನು ಕಂಡವನೇ ಕಣ್ಣು ಬೇರೆ ಕಡೆ ತಿರುಗಿಸಿದ.

ತ್ಸೆಂಗ್ ಮುಕ್ಕಾಲು ಗಂಟೆ ಮಾತಾಡಿದ. ಪರದೆಯ ಮೇಲೆ ನೀಲಿ ಬಾಣಗಳು ಮೇಲಕ್ಕೇರಿದವು. "ನಮ್ಮ ಹಳೇ ಸಂಗಾತಿ ಡಾಕ್ಟರ್ ಪೆಂಗ್ ಎರಡು ಮಾತು ಹೇಳ್ತಾರೆ," ಎಂದಾಗ ಯಾರೋ ಮೈಕನ್ನು ಅವನ ಕೈಗೆ ತುರುಕಿದರು.

ಅವನು ರಾತ್ರಿಯೆಲ್ಲ ಯೋಚಿಸಿ ಒಂದು ಪ್ರಶ್ನೆ ಹೊಸೆದುಕೊಂಡಿದ್ದ. ಯಾರ ಗುಟ್ಟನ್ನೂ ಬಿಡದೆ, ಆದರೆ ತ್ಸೆಂಗ್ ಸುಳ್ಳು ಹೇಳಲು ಒಂದು ಕ್ಷಣವಾದರೂ ತಡವರಿಸುವಂಥ ಪ್ರಶ್ನೆ. ಅಷ್ಟು ತಡವರಿಕೆ ಸಾಕು. ಅಕ್ಕ ಜಾಣೆ, ಕಂಡುಕೊಳ್ಳುತ್ತಾಳೆ.

"ನಾನು ಹೊಗಳೋಕೆ ನಿಂತಿಲ್ಲ," ಎಂದ. "ಒಂದು ಪ್ರಶ್ನೆ. ಹೊಸ ಚಿಪ್ಪನ್ನ ಇಲ್ಲಿ ತಂದು ನಮ್ಮೆದುರು ಒಂದು ಗಂಟೆ ಓಡಿಸೋಕೆ ಆಗುತ್ತಾ?"

ತ್ಸೆಂಗ್ ಅವನನ್ನು ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ, ಆಯಾಸವಿತ್ತು. ನಂತರ ಒಂದಿಷ್ಟೂ ತಡವರಿಸದೆ ಪಕ್ಕಕ್ಕೆ ತಿರುಗಿದ.

"ಒಳ್ಳೇ ಪ್ರಶ್ನೆ. ನಾನು ವ್ಯಾಪಾರದೋನು, ನನ್ನ ಮಾತು ಬೇಡ. ದಿನಾ ಆ ಚಿಪ್ ಮುಟ್ಟೋರು ಇಲ್ಲೇ ಇದಾರೆ. ಪರೀಕ್ಷಾ ವಿಭಾಗದ ಚಿಯು ಉತ್ತರ ಕೊಡ್ತಾರೆ."

ಪೆಂಗ್ ಬೇಡ, ಬೇಡ ಎನ್ನಲು ಬಾಯಿ ತೆರೆದ. ಮೈಕನ್ನು ಆಗಲೇ ಕಸಿದುಕೊಂಡಿದ್ದರು.

ಚಿಯು ಎದ್ದ. ಎದ್ದವನು ಸಭೆಯನ್ನು ನೋಡಲಿಲ್ಲ, ಅಧ್ಯಕ್ಷನನ್ನು ನೋಡಲಿಲ್ಲ, ನೇರವಾಗಿ ಪೆಂಗನನ್ನೇ ನೋಡಿದ. ಕಿವಿಯ ಕೆಳಗೆ ದವಡೆಯ ಸ್ನಾಯು ಗಂಟಾಗಿ ಉಬ್ಬಿ ಇಳಿಯಿತು, ಮತ್ತೆ ಉಬ್ಬಿತು. ಐವತ್ತು ಅಡಿ ದೂರದಿಂದಲೂ ಡಾಕ್ಟರಿಗೆ ಅದು ಕಾಣುತ್ತಿತ್ತು.

"ಚಿಪ್ ಓಡ್ತಾ ಇದೆ," ಎಂದ ಚಿಯು. "ಒಂದು ಗಂಟೆ ಅಲ್ಲ, ಇಡೀ ದಿನ ಓಡುತ್ತೆ. ಧೂಳಿರೋ ಜಾಗಕ್ಕೆ ತರೋಕೆ ಬರಲ್ಲ, ಅಷ್ಟೇ. ಮುಂದಿನ ಮೂರು ತಿಂಗಳಲ್ಲಿ ಎಲ್ಲರಿಗೂ ತೋರಿಸ್ತೀವಿ."

ಮೊದಲು ಮುಂದಿನ ಸಾಲಿನ ಮುದುಕರೊಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಸಭೆ. ಚಿಯು ಕೂತು, ಎದುರಿನ ನೀರಿನ ಬಾಟಲಿಯ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಉಳಿದ. ಹೊಸ ಚಿಪ್ಪಿನ ಯೋಜನೆಗೆ ಕೈ ಎತ್ತಿ ಮತ ಹಾಕುವ ಹೊತ್ತಿಗೆ ಪೆಂಗನ ಕೈಯೂ ಎದ್ದಿತು. ಅಕ್ಕ ಪಕ್ಕದಲ್ಲೇ ಕೂತು ಅವನನ್ನು ನೋಡುತ್ತಿದ್ದಳು.

ಹೊರಗೆ ಸಾಲಿನಲ್ಲಿ ನಿಂತು ಅವಳು ಉಡುಗೊರೆ ತೆಗೆದುಕೊಂಡಳು. ಮಡಿಸುವ ಛತ್ರಿ, ಮೇಲೆ ಕಂಪನಿಯ ಹೊಸ ನೀಲಿ ಗುರುತು. ಕಾರಿನಲ್ಲಿ ಕೂತವಳೇ ಹೊಲಿಗೆಯನ್ನು ಬೆರಳಿನಿಂದ ಒತ್ತಿ ಒತ್ತಿ ಪರೀಕ್ಷಿಸಿದಳು.

"ಹೊಲಿಗೆ ಪರವಾಗಿಲ್ಲ," ಎಂದಳು. ಛತ್ರಿ ಮಡಿಸಿ ತೊಡೆಯ ಮೇಲಿಟ್ಟು, "ಆ ಭಾನುವಾರ ನಿನ್ನ ಮುಖ ನೋಡಿ ನನಗೆ ಭಯ ಆಗಿತ್ತು ಕಣೋ. ಇವತ್ತು ಮಾರಿಬಿಡ್ಬೇಕು ಅಂತಾನೇ ಇದ್ದೆ. ನೀನು ಎಲ್ಲರೆದುರು ಹಂಗೆ ಗಟ್ಟಿಯಾಗಿ ಕೇಳ್ದೆಯಲ್ಲ, ಆ ಹುಡುಗ ನಿನ್ನ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಹೇಳಿದ್ನಲ್ಲ, ಆಗ ಸಮಾಧಾನ ಆಯ್ತು. ಇನ್ನು ನಾನು ಅದರ ಚಿಂತೆ ಮಾಡಲ್ಲ. ಲ್ಯುಗೂ ಹೇಳ್ತೀನಿ."

"ಅಕ್ಕಾ..."

"ಏನು?"

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ದೀಪ ಹಸಿರಾಗಿತ್ತು. ಪೆಂಗ್ ಗಾಡಿ ಮುಂದಕ್ಕೆ ಬಿಟ್ಟ. "ಬಿಸಿಲು ಜಾಸ್ತಿ," ಎಂದ.

ಸಂತೆಯ ಎದುರು ಇಳಿಸು, ಶುಂಠಿ ತಗೋಬೇಕು ಎಂದಳು. ರಸ್ತೆಬದಿಗೆ ನಿಲ್ಲಿಸಿದ. ಅವಳು ಇಳಿದು, ಬಾಗಿಲು ಹಾಕಿ, ಕಿಟಕಿಯಲ್ಲಿ ಬಗ್ಗಿ ಊಟ ಬಿಡಬೇಡ ಎಂದು ಹೇಳಿ ಹೊರಟಳು. ಅಷ್ಟರಲ್ಲಿ ದೂರದ ಸಿಗ್ನಲ್ ಬಿಟ್ಟು, ಸ್ಕೂಟರುಗಳ ಹಿಂಡು ಮೂಲೆ ತಿರುಗಿ ಇತ್ತ ಬರುತ್ತಿತ್ತು. ಪೆಂಗನ ಅಂಗೈ ಹಾರ್ನಿನ ಮೇಲೆ ಹೋಗಿ ನಿಂತಿತು. ಒತ್ತಿದರೆ ಬೆಚ್ಚಿ ನಡುರಸ್ತೆಯಲ್ಲೇ ನಿಂತುಬಿಟ್ಟಾಳು. ರುಯಿಮೇ ಹೊಸ ಛತ್ರಿ ಬಿಚ್ಚಿ ತಲೆಯ ಮೇಲೆ ಹಿಡಿದು, ಎಡಕ್ಕೂ ನೋಡದೆ ಬಲಕ್ಕೂ ನೋಡದೆ, ತನ್ನ ಎಂದಿನ ನಿಧಾನದ ಹೆಜ್ಜೆಯಲ್ಲಿ ರಸ್ತೆ ದಾಟತೊಡಗಿದ್ದಳು.