ಬಾವಿಗೆ ಬಂದ ವಿರಾಲ್

೧೯೮೩ರ ಬೇಸಿಗೆಯಲ್ಲಿ ಪಲ್ಲಡಂ ಆಚೆಯ ವೆಳ್ಳಿಯಂಕಾಡು ಕೆರೆ ಬತ್ತುತ್ತಾ ಬಂದು, ನಟ್ಟನಡುವೆ ನಿಂತರೂ ನೀರು ಸೊಂಟ ದಾಟದಂತಾಯಿತು. ಮೀನುಗಾರಿಕೆ ಇನ್‌ಸ್ಪೆಕ್ಟರ್ ಪುರಂದರ ಕಾಯುತ್ತಿದ್ದುದೂ ಅದನ್ನೇ. ನೀರು ಇಳಿದಾಗ ಹಿಪ್ಪೆ ಬೀಜದ ವಿಷದ ಹಿಂಡಿಯನ್ನು ಕಲಸಿ ಬಿಟ್ಟರೆ ಒಳಗಿರುವ ಮೀನೆಲ್ಲ ಸಾಯುತ್ತದೆ. ಮಳೆ ಬಂದ ಮೇಲೆ ಕಟ್ಲಾ, ರೋಹು ಮರಿಗಳನ್ನು ಬಿಟ್ಟರೆ ಅವನ್ನು ನುಂಗಲು ವಿರಾಲ್ ಇರುವುದಿಲ್ಲ. ಹಾವಿನ ತಲೆಯಂಥ ತಲೆಯುಳ್ಳ ಬೇಟೆ ಮೀನು ಅದು. ಮೀನುಗಾರರ ಸಂಘದ ಅಧ್ಯಕ್ಷ ಮೈಲ್‌ಸಾಮಿಗೂ ಈ ಯೋಜನೆ ಒಪ್ಪಿಗೆಯಾಗಿತ್ತು.

ಹಿಂಡಿಯ ಮೂಟೆಗಳು ಬಂದಿಳಿದ ಬೆಳಿಗ್ಗೆ ರಾಮಾಯಿ ಓಡಿಬಂದಳು. ಕೆರೆಯಂಚಿನ ನೇಕಾರರ ಬೀದಿಯವಳು. ಇನ್‌ಸ್ಪೆಕ್ಟರ ಮನೆಮಾತೂ ಕನ್ನಡವೇ ಎಂದು ಅವಳಿಗೆ ಯಾರೋ ಹೇಳಿದ್ದರು.

"ಸಾಮಿ, ಒಂದೇ ಒಂದು ವಿರಾಲ್ ಬುಟ್ಬುಡಿ. ಅದು ಮೀನಲ್ಲ, ನನ್ ಪುಳ್ಳೆ, ನನ್ ಮಗು."

ಮೈಲ್‌ಸಾಮಿ ಪುರಂದರನನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ವಿಷಯ ಹೇಳಿದ. ಇಟ್ಟಿಗೆಯವರು ಕೆರೆಯಂಗಳದಲ್ಲಿ ಮಣ್ಣು ತೆಗೆದ ಗುಂಡಿಯಲ್ಲಿ ಹಿಂದಿನ ವರ್ಷ ಇವಳ ಮಗಳು ಶಿವಗಾಮಿ ಮುಳುಗಿ ಸತ್ತಿದ್ದಳು. ಆಮೇಲಿಂದ ತೂಬಿನ ಮೆಟ್ಟಿಲ ಬಳಿ ದೊಡ್ಡ ವಿರಾಲ್ ಒಂದು ಬರತೊಡಗಿತು. ಇವಳು ದಿನಾ ಅದಕ್ಕೆ ಅನ್ನ ಹಾಕುತ್ತಾಳೆ.

"ವಿರಾಲ್ ಅನ್ನ ಮುಟ್ಟುವುದಿಲ್ಲವಲ್ಲ," ಎಂದ ಪುರಂದರ.

ರಾಮಾಯಿ ಮೆಟ್ಟಿಲಿಳಿದು, ಕೈಯನ್ನು ನೀರಿಗೆ ಚಾಚಿ ಕರೆದಳು: "ಶಿವಗಾಮೀ, ಬಾಮ್ಮಾ." ಕೆಸರಿನಡಿಯಿಂದ ತೋಳುದ್ದದ ಕರಿಬೆನ್ನು ಎದ್ದಿತು. ಮೀನು ಬಾಯಿ ತೆರೆದು ಗುಳಕ್ಕೆಂದು ಗಾಳಿ ಕುಡಿಯಿತು. ಆಮೇಲೆ ಅವಳ ಅಂಗೈಯಿಂದ ಅನ್ನದ ಉಂಡೆಯನ್ನು ಮೆಲ್ಲಗೆ ಎತ್ತಿಕೊಂಡಿತು. ಪುರಂದರ ಹಿಂಡಿಯ ಮೂಟೆಗಳ ಕಡೆ ನೋಡಿದ.

"ವಿಷಕ್ಕೆ ಇದು ನಿನ್ನದು, ಅದು ಬೇರೆಯದು ಅಂತ ಗೊತ್ತಾಗೋದಿಲ್ಲಮ್ಮ," ಎಂದ.

"ಹಂಗಾದ್ರೆ ನೀವೇ ಕರ್ಕೊಂಡ್ ಹೋಗಿ. ನಮ್ ಬೀದಿ ಬಾವಿ ಎಲ್ಲಾ ಒಣಗೋಗ್ಯವೆ."

ಪುರಂದರ ಒಪ್ಪಿಕೊಂಡ. ಸಂಜೆ ಜೀಪಿನಲ್ಲಿ, ಒದ್ದೆ ಬಟ್ಟೆ ಕಟ್ಟಿದ ಮಣ್ಣಿನ ಪಾನೆಯೊಂದು ಗಾಂಧಿಪುರದ ಹಿಂದಿನ ಬೀದಿಯಲ್ಲಿದ್ದ ಅವನ ಮಾಧ್ವರ ಮನೆಗೆ ಬಂತು.

ಪುರಂದರನ ತಾಯಿ ರಾಧಮ್ಮನಿಗೆ ಮಗನ ಉದ್ಯೋಗವೇ ಹಿಡಿಸಿರಲಿಲ್ಲ. ಕೆಲಸದಿಂದ ಬಂದವನು ಹಿತ್ತಿಲಲ್ಲಿ ಸ್ನಾನ ಮಾಡದೆ ಒಳಗೆ ಕಾಲಿಡುವಂತಿರಲಿಲ್ಲ. ಪಾನೆಯೊಳಗೆ ಇಣುಕಿ ನೋಡಿ ಆಕೆ ಕೇಳಿದಳು:

"ಕೊಲ್ಲೋದಕ್ಕಲ್ಲ ತಾನೆ?"

"ಅಲ್ಲಮ್ಮಾ. ಕೊಂಚ ದಿನ ಬಾವಿಯಲ್ಲಿರಲಿ."

"ಪಾವಂ, ಬಡಪ್ರಾಣಿ, ಇರಲಿ ಬಿಡು," ಎಂದಳು. ಮೀನು ಯಾರದ್ದು, ಯಾಕೆ ಬಂತು, ಏನನ್ನೂ ಅವನು ಹೇಳಲಿಲ್ಲ.

ಮರುದಿನ ಕೆರೆಗೆ ಹಿಂಡಿ ಬಿಟ್ಟರು. ಮೊದಲು ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ವಿರಾಲ್‌ಗಳು ಕೊನೆಗೆ ಎದ್ದವು, ಜೋಡಿಜೋಡಿಯಾಗಿ, ಸುತ್ತಲೂ ಕುಂಕುಮ ಚೆಲ್ಲಿದಂತೆ ಕೆಂಪು ಮರಿಗಳ ಗುಂಪು. ಸಾಯುತ್ತಿದ್ದರೂ ತಾಯಿ-ತಂದೆ ಮೀನುಗಳು ಮರಿಗಳ ಕೆಳಗೆ ಸುತ್ತು ಹಾಕುತ್ತಿದ್ದವು. ಅದು ಅವು ಮರಿ ಕಾಯುವ ಕಾಲವೆಂಬುದು ಪುರಂದರನಿಗೆ ತಿಳಿಯದ್ದೇನಲ್ಲ. ಮಳೆಗೆ ಮುಂಚೆ ಕೆಲಸ ಮುಗಿಯಬೇಕಿತ್ತು, ಅಷ್ಟೆ. ಕೆರೆಯ ತುಂಬ ಬಾಯಿಗಳು ತೆರೆದು ಮುಚ್ಚುವ ಸದ್ದು ಮಧ್ಯಾಹ್ನದವರೆಗೂ ಕೇಳಿತು. ಅಂದು ಮನೆಗೆ ಬಂದು ಊಟಕ್ಕೆ ಕೂತಾಗ ಬಾವಿಯ ಕಡೆಯಿಂದ ಅದೇ ಸದ್ದು ಒಂಟಿಯಾಗಿ ಬಂತು. ಅವನು ಎಲೆ ಬಿಟ್ಟು ಎದ್ದ.

ಕೆಲವು ವಾರಗಳಾದ ಮೇಲೆ ಒಂದು ಸಂಜೆ ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದವನು ಹಾಗೇ ನಿಂತುಬಿಟ್ಟ. ರಾಧಮ್ಮ ಬಾವಿಕಟ್ಟೆಗೆ ಒರಗಿ, ಅನ್ನದ ಉಂಡೆಯನ್ನು ಒಳಗೆ ಹಾಕುತ್ತ ಕರೆಯುತ್ತಿದ್ದಳು: "ಶಿವಗಾಮೀ, ಬಾಮ್ಮಾ."

ಹಸುವಿನ ಕರುವಿಗೂ ರುಕ್ಮಿಣಿ, ಸತ್ಯಭಾಮೆ ಎಂದಲ್ಲದೆ ಬೇರೆ ಹೆಸರಿಡದ ಹೆಂಗಸು ಆಕೆ.

"ಆ ಹೆಸರು ಯಾರು ಹೇಳಿದ್ದು ನಿನಗೆ?"

"ಯಾರು ಹೇಳಬೇಕು? ಬಾಯಿಗೆ ಬಂತು, ಕರೆದೆ." ಆಕೆ ಮಗನ ಮುಖ ನೋಡಿದಳು. "ಏನಾಯ್ತೋ? ಬೆವರ್ತಾ ಇದ್ದೀ."

ಅಂದಿನಿಂದ ಅವನು ಆ ಬಾವಿಯ ನೀರು ಕುಡಿಯಲಿಲ್ಲ. ಬೀದಿಯ ನಲ್ಲಿಯಿಂದ ತಾನೇ ಹಿಡಿದು ತರುತ್ತಿದ್ದ.

ಕೆರೆಯಲ್ಲಿ ಮೊದಲ ವರ್ಷ ಕಟ್ಲಾ ಚೆನ್ನಾಗಿ ಬೆಳೆಯಿತು. ಎರಡನೆಯ ವರ್ಷ ಕಾಲುವೆಯ ನೀರಿನೊಡನೆ ಜಿಲೇಬಿ ಮೀನು, ಎಂದರೆ ತಿಲಾಪಿಯಾ, ನುಗ್ಗಿತು. ತಡೆಯುವ ಬೇಟೆ ಮೀನು ಇರಲಿಲ್ಲ. ಬೆರಳುದ್ದವಾಗುವಷ್ಟರಲ್ಲೇ ಮರಿ ಹಾಕಿ, ಆಳವಿಲ್ಲದ ಆ ನೀರನ್ನೆಲ್ಲ ತುಂಬಿಬಿಟ್ಟಿತು. ಬಲೆ ಎಳೆದರೆ ಬರೀ ಮುಳ್ಳು, ತಲೆಯ ಸಣಕಲು ಮೀನುಗಳೇ.

"ವಿರಾಲ್ ಇದ್ದಿದ್ರೆ ಹೀಗಾಗ್ತಿರಲಿಲ್ಲ ಸಾರ್," ಎಂದ ಮೈಲ್‌ಸಾಮಿ, ಯೋಜನೆಗೆ ತಾನೂ ತಲೆಯಾಡಿಸಿದ್ದು ಮರೆತವನಂತೆ.

ಪುರಂದರ ಮೇಲಿನವರೊಂದಿಗೆ ಹೊಡೆದಾಡಿ ಅನುಮತಿ ಪಡೆದ. ಪೊಳ್ಳಾಚಿ ಕಡೆಯ ಕೆರೆಯೊಂದರಿಂದ ವಿರಾಲ್ ಜೋಡಿಗಳನ್ನು ತರಿಸಿ ಬಿಟ್ಟ. ಅವು ಮರಿ ಕಾಯುವ ತಿಂಗಳುಗಳಲ್ಲಿ ಯಾರೂ ಬಲೆ ಬೀಸಬಾರದೆಂಬ ಕಟ್ಟುಪಾಡು ತಂದ. ಇನ್ನು ಕೆರೆಯಲ್ಲಿ ವಿರಾಲ್ ಇರಬಹುದೆಂಬ ಸುದ್ದಿ ಕೇಳಿ ರಾಮಾಯಿ ತನ್ನದನ್ನು ಕರೆದೊಯ್ಯಲು ಪಾನೆ ಹಿಡಿದು ಬಸ್ಸು ಹತ್ತಿ ಅವನ ಮನೆಗೇ ಬಂದಳು.

ಬಾವಿಕಟ್ಟೆಯ ಮೇಲೆ ಬಾಗಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಮಗಳ ಹೆಸರು ಹಿಡಿದು ಕರೆದಳು. ನೀರು ಅಲುಗಲಿಲ್ಲ. ಇನ್ನೊಮ್ಮೆ ಕರೆದಳು. ಆಗ ರಾಧಮ್ಮ ಪಕ್ಕಕ್ಕೆ ಬಂದು ಅದೇ ಹೆಸರು ಹಿಡಿದು ತಾನೂ ಕರೆದಳು. ಕರಿಬೆನ್ನು ಮೇಲೆ ಬಂತು. ರಾಮಾಯಿ ತಿರುಗಿ ಆಕೆಯನ್ನು ದಿಟ್ಟಿಸಿದಳು.

"ಹೆಸರು ನಾನ್ ಹೇಳ್ಲಿಲ್ವಲ್ಲ ಅಮ್ಮಾ?"

"ಇಲ್ಲ," ಎಂದಳು ರಾಧಮ್ಮ. "ಕರ್ಕೊಂಡ್ ಹೋಗು. ಇಲ್ಲಿ ಒಂಟಿಯಾಗಿದ್ದಾಳೆ."

ಕೊಡ ಇಳಿಸಿ ಮೀನನ್ನು ಮೇಲೆತ್ತಿದ್ದು ರಾಧಮ್ಮನೇ. ಜನ್ಮದಲ್ಲಿ ಮೀನು ಮುಟ್ಟದ ಆ ಕೈಗಳು ಅದನ್ನು ರಾಮಾಯಿಯ ಪಾನೆಗೆ ಇಳಿಸಿದವು. ಸಂಜೆಗೆ ಮುಂಚೆ ಅದು ಕೆರೆ ಸೇರಿತು. ಬಿಟ್ಟ ಕೂಡಲೇ ಜೊಂಡಿನೊಳಗೆ ನುಗ್ಗಿತು. ರಾಮಾಯಿ ಎಷ್ಟು ಕರೆದರೂ ಮತ್ತೆ ಕಾಣಲಿಲ್ಲ. ಅವಳು ಅಳಲಿಲ್ಲ. ಮಾರನೆಯ ದಿನದಿಂದ ಮೆಟ್ಟಿಲಿಗೆ ಹೋಗುವುದನ್ನೂ ಬಿಟ್ಟಳು ಎಂದು ಮೈಲ್‌ಸಾಮಿ ಹೇಳಿದ.

ಮುಂದಿನ ವರ್ಷದ ಹೊತ್ತಿಗೆ ಜಿಲೇಬಿ ಮೀನಿನ ಕಾಟ ಇಳಿಯಿತು. ಬಲೆಗೆ ಅಂಗೈಯಗಲದ ಮೀನುಗಳು ಬರತೊಡಗಿದವು. ಪುರಂದರ ಸಂತೋಷದಿಂದ ಮನೆಯಲ್ಲಿ ಆ ಮಾತು ತೆಗೆದ ದಿನ ರಾಧಮ್ಮ ಮಜ್ಜಿಗೆ ಬಡಿಸುತ್ತಿದ್ದವಳು ಕೈ ತಡೆದಳು.

"ಅಲ್ಲಿ ಶಿವಗಾಮಿಗೆ ಜೊತೆ ಯಾರಾದರೂ ಇದ್ದಾರೇನೋ?"

"ಬೇಕಾದಷ್ಟು ಜೋಡಿ ಬಿಟ್ಟಿದ್ದೇವಮ್ಮಾ, ಮರಿಗಳೂ ಆಗಿವೆ."

"ನಾನು ಕೇಳಿದ್ದು ಮೀನಿನ ಮಾತಲ್ಲ," ಎಂದಳು ಆಕೆ. ಮಜ್ಜಿಗೆ ಬಡಿಸಿ ಒಳಗೆ ಹೋದಳು.